ಯುಗಾದಿ ಮುಗಿಸಿ ಕೆನಡಾಕ್ಕೆ? ಮೂರು ವಾರ ತಡೆದು ಹೊರಡಿ

ಪ್ರಶ್ನೆ: ನಾವು ಧಾರವಾಡದವರು, ಇಬ್ಬರೂ ನಿವೃತ್ತರು. ನನಗೆ 66, ಮನೆಯವರಿಗೆ 61. ಮಗ ಟೊರೊಂಟೊ ಹತ್ತಿರ ಮಿಸ್ಸಿಸ್ಸಾಗಾದಲ್ಲಿದ್ದಾನೆ. ವೀಸಾ ಆಗಿದೆ, ಟಿಕೆಟ್ ಇನ್ನೂ ತೆಗೆದಿಲ್ಲ. ಯುಗಾದಿ ಮುಗಿಸಿ ಏಪ್ರಿಲ್ 5ರ ಹೊತ್ತಿಗೆ ಹೊರಟು ಮೇ 31ಕ್ಕೆ ವಾಪಸು ಬರಬೇಕು ಅಂತಿದ್ದೇವೆ. ನಯಾಗರಾ, ಬ್ಯಾನ್ಫ್‌ನ ನೀಲಿ ಸರೋವರ, ವ್ಯಾಂಕೂವರ್‌ನ ಚೆರ್ರಿ ಹೂವು, ಜೊತೆಗೆ ಸಮುದ್ರದಲ್ಲಿ ತೇಲುವ ಐಸ್‌ಬರ್ಗ್ ಕೂಡ ನೋಡುವಾಸೆ. ಮಗನಿಗೆ 12 ದಿನ ರಜೆ ಸಿಗುತ್ತದೆ. ಅವನು ಕಾರಿನಲ್ಲೇ ವ್ಯಾಂಕೂವರ್‌ವರೆಗೆ ಹೋಗೋಣ ಅನ್ನುತ್ತಾನೆ. ನನಗೆ ರೈಲಿನಲ್ಲಿ ದೇಶ ದಾಟುವ ಆಸೆ. ಮನೆಯವರಿಗೆ ಮೊಣಕಾಲು ನೋವಿದೆ, ಶುದ್ಧ ಸಸ್ಯಾಹಾರಿ. ಅವರದು ಒಂದೇ ಪ್ರಶ್ನೆ: ವಸಂತದಲ್ಲಿ ಹೋದರೆ ಹಿಮ ನೋಡಲಿಕ್ಕೆ ಸಿಗುತ್ತದೋ ಇಲ್ಲವೋ?

ಉತ್ತರ: ಟಿಕೆಟ್ ತೆಗೆದಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು. ನನ್ನ ಮೊದಲ ಸಲಹೆಯೇ ತಾರೀಖಿನದು. ಏಪ್ರಿಲ್ 5 ಬೇಡ. ಏಪ್ರಿಲ್ 25ರ ಸುಮಾರಿಗೆ ಹೋಗಿ, ಜೂನ್ 20ರ ಹೊತ್ತಿಗೆ ಬನ್ನಿ. ದಿನಗಳ ಲೆಕ್ಕ ಅಷ್ಟೇ, ನೋಡುವ ದೇಶ ಮಾತ್ರ ಬೇರೆಯೇ.

ಕ್ಯಾಲೆಂಡರಿನಲ್ಲಿ ಮಾರ್ಚ್ 20ಕ್ಕೆ ಅಲ್ಲಿ ವಸಂತ ಶುರು. ಅದು ಕ್ಯಾಲೆಂಡರಿನಲ್ಲಿ ಮಾತ್ರ. ಏಪ್ರಿಲ್ ಮೊದಲ ವಾರ ಟೊರೊಂಟೊ ಸುತ್ತಮುತ್ತ ಮರಗಳೆಲ್ಲ ಇನ್ನೂ ಬೋಳು. ಹುಲ್ಲು ಕಂದು ಬಣ್ಣ. ಅಂಗಡಿಗಳ ಪಾರ್ಕಿಂಗ್ ಮೂಲೆಯಲ್ಲಿ ಚಳಿಗಾಲದ ಹಿಮದ ಗುಡ್ಡೆ ಮಸಿ ಬಳಿದ ಹಾಗೆ ಕಪ್ಪಾಗಿ ಕರಗುತ್ತಿರುತ್ತದೆ. ಮಗ ಕೆಲಸಕ್ಕೆ ಹೋದ ಮೇಲೆ ನೀವಿಬ್ಬರೂ ಕಿಟಕಿ ಪಕ್ಕ ಕೂತು ‘ಇದೇನಪ್ಪ, ಇದಕ್ಕೆ ಇಷ್ಟು ದೂರ ಬಂದೆವಾ’ ಅಂದುಕೊಳ್ಳುತ್ತೀರಿ. ತಂದೆತಾಯಿಯರ ಮೊದಲ ಮೂರು ವಾರ ಹೀಗೆ ಮನೆಯೊಳಗೇ ಕಳೆದುಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತು. ಕೆನಡಾದ ವಸಂತ ಒಂದಲ್ಲ. ದೇಶದ ಒಂದು ಕಡೆ ಬಂದು, ಮೂರು ತಿಂಗಳು ನಿಧಾನವಾಗಿ ನಡೆದು, ಇನ್ನೊಂದು ಕಡೆ ತಲುಪುತ್ತದೆ. ಪಶ್ಚಿಮದ ವಿಕ್ಟೋರಿಯಾ ಊರಿನಲ್ಲಿ ಫೆಬ್ರವರಿ ಕೊನೆಗೇ ಹೂ ಬಿಡುತ್ತದೆ. ವ್ಯಾಂಕೂವರ್‌ಗೆ ಮಾರ್ಚ್ ಕೊನೆ, ಏಪ್ರಿಲ್. ಟೊರೊಂಟೊಗೆ ಏಪ್ರಿಲ್ ಕೊನೆ. ಬ್ಯಾನ್ಫ್ ಇರುವ ರಾಕಿ ಪರ್ವತದ ಸರೋವರಗಳು ಕರಗುವುದು ಜೂನ್ ಹೊತ್ತಿಗೆ. ಪೂರ್ವದ ತುದಿಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೇ ಕೊನೆಗೂ ಜಾಕೆಟ್ ಬಿಚ್ಚುವ ಹಾಗಿಲ್ಲ. ಅಲ್ಲಿನ ಸೇಂಟ್ ಜಾನ್ಸ್ ಊರು ನಕ್ಷೆಯಲ್ಲಿ ವ್ಯಾಂಕೂವರ್‌ಗಿಂತ ದಕ್ಷಿಣಕ್ಕಿದೆ! ಆದರೆ ವ್ಯಾಂಕೂವರ್‌ಗೆ ಪೆಸಿಫಿಕ್ ಸಾಗರದ ಬೆಚ್ಚನೆ ಗಾಳಿ, ಸೇಂಟ್ ಜಾನ್ಸ್‌ಗೆ ಉತ್ತರದಿಂದ ಹರಿದು ಬರುವ ಲ್ಯಾಬ್ರಡಾರ್ ಪ್ರವಾಹದ ತಣ್ಣೀರು. ಅದೇ ತಣ್ಣೀರೇ ನಿಮ್ಮ ಐಸ್‌ಬರ್ಗನ್ನೂ ಹೊತ್ತು ತರುವುದು. ಹಾಗಾಗಿ ‘ಪೂರ್ವದಿಂದ ಪಶ್ಚಿಮಕ್ಕೆ’ ಅಂತ ನಕ್ಷೆಯ ಮೇಲೆ ಗೆರೆ ಎಳೆದು ಪ್ಲ್ಯಾನ್ ಮಾಡಬೇಡಿ. ಎಲ್ಲಿ ಯಾವಾಗ ಏನು ಸಿಗುತ್ತದೆ ಅಂತ ನೋಡಿ ಮಾಡಿ.

ತಡವಾಗಿ ಹೋಗುವುದರಿಂದ ಎರಡು ವಿಷಯ ಕೈ ತಪ್ಪುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಒಂದು, ವ್ಯಾಂಕೂವರ್‌ನ ಚೆರ್ರಿ ಹೂವು. ಇನ್ನೊಂದು, ಮೇಪಲ್ ಮರದ ರಸ ಕಾಯಿಸುವ ಕಾಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಕರಗುವಷ್ಟು ಬಿಸಿಲು ಇದ್ದಾಗ ಮಾತ್ರ ಮರದಲ್ಲಿ ರಸ ಇಳಿಯುತ್ತದೆ. ಅದು ಮಾರ್ಚ್, ಏಪ್ರಿಲ್ ಮಾತು. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ನಮ್ಮ ಆಲೆಮನೆ ನೋಡಿದವರಿಗೆ ಅದರ ಘಮ ಬೇಗ ಅರ್ಥವಾಗುತ್ತದೆ. ಈ ಸಲ ಅದು ಬಾಟಲಿಯಲ್ಲಿ ಸಿಕ್ಕರೆ ಸಾಕು ಅಂದುಕೊಳ್ಳಿ.

ಚೆರ್ರಿ ಹೂವಿಗೆ ಮಾತ್ರ ಬೇಸರ ಬೇಡ. ಟೊರೊಂಟೊದ ಹೈ ಪಾರ್ಕ್‌ನಲ್ಲೇ ಇದೆ. 1959ರಲ್ಲಿ ಟೋಕಿಯೊ ನಗರದ ಜನ ಉಡುಗೊರೆ ಕೊಟ್ಟ ಮರಗಳಿಂದ ಶುರುವಾದ ತೋಟ ಅದು. ಸಾಮಾನ್ಯವಾಗಿ ಏಪ್ರಿಲ್ ಕೊನೆಯ ವಾರದಿಂದ ಮೇ ಮೊದಲ ವಾರದೊಳಗೆ ಅರಳುತ್ತದೆ. ಅರಳಿದ ಮೇಲೆ ಒಂದು ವಾರ, ಜೋರು ಗಾಳಿ ಮಳೆ ಬಂದರೆ ಅಷ್ಟೂ ಇಲ್ಲ. ನೀವು 25ಕ್ಕೆ ಇಳಿದರೆ ಜೆಟ್ ಲ್ಯಾಗ್‌ನಿಂದ ಹೇಗೂ ಬೆಳಿಗ್ಗೆ 4ಕ್ಕೆ ಎಚ್ಚರವಾಗುತ್ತದೆ. ಅದನ್ನೇ ಉಪಯೋಗಿಸಿಕೊಂಡು ವಾರದ ದಿನ ಬೆಳಿಗ್ಗೆ 7ಕ್ಕೆ ಅಲ್ಲಿರಿ. ಶನಿವಾರ, ಭಾನುವಾರ ಹೋದರೆ ಹೂವಿಗಿಂತ ತಲೆಗಳೇ ಜಾಸ್ತಿ ಕಾಣುತ್ತವೆ.

ನಯಾಗರಾಕ್ಕೆ ಮೇ ಮೊದಲ ಅಥವಾ ಎರಡನೇ ವಾರ ಹೋಗಿ. ಜಲಪಾತದ ಬುಡಕ್ಕೆ ಹೋಗುವ ದೋಣಿ ನದಿಯ ಮಂಜುಗಡ್ಡೆ ಹೋದ ಮೇಲೆಯೇ ಶುರುವಾಗುವುದು. ಒಂದೊಂದು ವರ್ಷ ಒಂದೊಂದು ತಾರೀಖು. ಏಪ್ರಿಲ್ ಮೊದಲ ವಾರ ಹೋದರೆ ದೋಣಿ ಇರುತ್ತದೆ ಅನ್ನುವ ಭರವಸೆ ಇಲ್ಲ. ನಯಾಗರಾದ ಒಂದು ಗುಟ್ಟು ಜೋಗ ನೋಡಿದ ನಮಗೆ ಆಶ್ಚರ್ಯ ಅನ್ನಿಸುವುದಿಲ್ಲ. ಅಲ್ಲಿಯೂ ನೀರು ವಿದ್ಯುತ್ತಿಗೆ ತಿರುಗುತ್ತದೆ. 1950ರಲ್ಲಿ ಅಮೆರಿಕ ಮತ್ತು ಕೆನಡಾ ಮಾಡಿಕೊಂಡ ಒಪ್ಪಂದದ ಪ್ರಕಾರ, ಏಪ್ರಿಲ್ 1ರಿಂದ ಅಕ್ಟೋಬರ್ ಕೊನೆವರೆಗೆ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಜಲಪಾತದ ಮೇಲೆ ಬೀಳಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು. ಲಿಂಗನಮಕ್ಕಿ ಗೇಟು ತೆರೆಯುತ್ತಾರಾ ಅಂತ ಕಾಯುವ ನಮ್ಮ ಪಾಡು ಅಲ್ಲಿಲ್ಲ. ಬರೆದಿಟ್ಟು ಬಿಡುತ್ತಾರೆ. ಮಿಸ್ಸಿಸ್ಸಾಗಾದಿಂದ ಒಂದೂವರೆ ಗಂಟೆಯ ದಾರಿ, ಮಗನಿಗೆ ರಜೆ ಹಾಕುವುದೂ ಬೇಡ. ವಾಪಸು ಬರುವಾಗ ನಯಾಗರಾ ಆನ್ ದ ಲೇಕ್ ಕಡೆಯ ತೋಟಗಳ ನಡುವೆ ಬನ್ನಿ. ಮೇ ಆರಂಭದಲ್ಲಿ ಪೀಚ್, ಚೆರ್ರಿ ಗಿಡಗಳು ಹೂ ಬಿಟ್ಟಿರುತ್ತವೆ.

ಈಗ ರೈಲು. ನಿಮ್ಮ ಆಸೆಗೆ ತಣ್ಣೀರು ಎರಚುವುದು ನನಗೂ ಇಷ್ಟವಿಲ್ಲ. ಟೊರೊಂಟೊದಿಂದ ವ್ಯಾಂಕೂವರ್‌ಗೆ ‘ದ ಕೆನೇಡಿಯನ್’ ಅನ್ನುವ ರೈಲಿದೆ. 4,466 ಕಿ.ಮೀ., ನಾಲ್ಕು ರಾತ್ರಿ, ವಾರಕ್ಕೆ ಎರಡೇ ಸಲ. ಹಳಿ ಗೂಡ್ಸ್ ರೈಲಿನವರದು. ಅವರ ಉದ್ದುದ್ದ ಗಾಡಿ ಬಂದರೆ ನಿಮ್ಮದು ಪಕ್ಕಕ್ಕೆ ನಿಲ್ಲುತ್ತದೆ. ಗಂಟೆಗಟ್ಟಲೆ ತಡವಾಗುವುದು ಮಾಮೂಲು, ಹಾಗಾಗಿ ಇಳಿದ ದಿನವೇ ಮುಂದಿನ ವಿಮಾನ ಇಟ್ಟುಕೊಳ್ಳುವ ಹಾಗೇ ಇಲ್ಲ. ಸೀಟಿನ ಟಿಕೆಟ್‌ನಲ್ಲಿ ನಾಲ್ಕು ರಾತ್ರಿ ಕೂತು ಹೋಗುವುದು ಮೇಡಂ ಅವರ ಮೊಣಕಾಲಿಗೆ ಆಗದ ಮಾತು. ಮಲಗುವ ಬರ್ತ್ ಬೇಕಾದರೆ ವಿಮಾನದ ಹಲವು ಪಟ್ಟು ದುಡ್ಡು. ಅದೂ ಅಲ್ಲದೆ ಮೊದಲ ಒಂದೂವರೆ ದಿನ ಬರೀ ಕಾಡು, ಬಂಡೆ, ಕೆರೆ. ನನಗೆ ಅದು ಇಷ್ಟ. ಎಲ್ಲರಿಗೂ ಇಷ್ಟವಾಗುತ್ತದೆ ಅಂತ ಹೇಳಲಾರೆ. ರೈಲಿನ ಚಪಲ ತೀರಿಸಿಕೊಳ್ಳಲಿಕ್ಕೆ ಟೊರೊಂಟೊದಿಂದ ಒಟ್ಟಾವಾಕ್ಕೆ ಹೋಗಿ. ನಾಲ್ಕೂವರೆ ಗಂಟೆಯ ಪ್ರಯಾಣ, ಮಗ ಬರಲೇಬೇಕು ಅಂತಿಲ್ಲ.

ಕಾರಿನ ವಿಷಯದಲ್ಲಿ ಮಗನಿಗೆ ಇಷ್ಟು ಹೇಳಿ. ಟೊರೊಂಟೊದಿಂದ ವ್ಯಾಂಕೂವರ್ ರಸ್ತೆಯಲ್ಲಿ ಸುಮಾರು 4,400 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸು ಬಂದಷ್ಟು. ಒಂಟಾರಿಯೊ ಪ್ರಾಂತ್ಯ ಒಂದನ್ನು ದಾಟಲಿಕ್ಕೇ ಎರಡು ಪೂರ್ತಿ ದಿನ ಬೇಕು. 12 ದಿನದ ರಜೆಯಲ್ಲಿ ಅರ್ಧ ಸ್ಟೀರಿಂಗ್ ಹಿಂದೆಯೇ ಮುಗಿಯುತ್ತದೆ. ಬ್ಯಾನ್ಫ್ ಹತ್ತಿರದ ದೊಡ್ಡ ಊರು ಕ್ಯಾಲ್ಗರಿಗೆ ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳಲಿ, ಓಡಿಸುವ ಆಸೆಯೂ ತೀರುತ್ತದೆ.

ಒಟ್ಟಾವಾಕ್ಕೆ ಮೇ ಎರಡನೇ ವಾರ ಹೋಗಿ, ಅದು ಟ್ಯೂಲಿಪ್ ಕಾಲ. ಊರ ತುಂಬ ಸುಮಾರು ಹತ್ತು ಲಕ್ಷ ಟ್ಯೂಲಿಪ್ ಅರಳಿರುತ್ತವೆ. ಡೌಸ್ ಲೇಕ್ ಪಕ್ಕದ ಪಾರ್ಕಿನಲ್ಲಿ ಜಾಸ್ತಿ, ನೆಲ ಸಮತಟ್ಟು, ಬೆಂಚುಗಳಿವೆ. ಇದರ ಹಿಂದೆ ಒಂದು ಚೆಂದದ ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿ ಜುಲಿಯಾನಾ ಮಕ್ಕಳನ್ನು ಕಟ್ಟಿಕೊಂಡು ಒಟ್ಟಾವಾದಲ್ಲಿ ಆಶ್ರಯ ಪಡೆದಿದ್ದಳು. 1943ರ ಜನವರಿಯಲ್ಲಿ ಅಲ್ಲೇ ಹೆರಿಗೆಯಾಯಿತು. ಹುಟ್ಟುವ ಮಗು ಕೆನಡಾದ ಪ್ರಜೆ ಆಗಿಬಿಡಬಾರದಲ್ಲ? ಅದಕ್ಕೆ ಹೆರಿಗೆ ಕೋಣೆ ಕೆನಡಾದ ನೆಲವೇ ಅಲ್ಲ ಅಂತ ಸರ್ಕಾರ ಘೋಷಿಸಿತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಆ ಉಪಕಾರಕ್ಕೆ ಒಂದು ಲಕ್ಷ ಟ್ಯೂಲಿಪ್ ಗೆಡ್ಡೆ ಬಂತು. ಇವತ್ತಿಗೂ ಪ್ರತಿ ವರ್ಷ ಬರುತ್ತದೆ. ಹಾಗೇ ಪಾರ್ಲಿಮೆಂಟ್ ಗುಡ್ಡದ ಮುಂದೆ ನಿಂತಾಗ ನೆನಪಿರಲಿ, 2022ರ ಮೇ ತಿಂಗಳಲ್ಲಿ ಸಿರಾ ತಾಲ್ಲೂಕಿನ ಮೂಲದ ಆಗಿನ ಸಂಸದ ಚಂದ್ರ ಆರ್ಯ ಆ ಸದನದಲ್ಲಿ ಕನ್ನಡದಲ್ಲಿ ಮಾತಾಡಿದ್ದರು.

ನ್ಯೂಫೌಂಡ್‌ಲ್ಯಾಂಡ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮವರು ಕಡಿಮೆ ಹೋಗುವ ಜಾಗ. ನಿಮ್ಮ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದದ್ದೂ ಅದೇ.

ಅಲ್ಲಿ ತೇಲುವ ಐಸ್‌ಬರ್ಗ್‌ಗಳು ಹೆಚ್ಚಾಗಿ ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಹಿಮನದಿಗಳಿಂದ ಮುರಿದು ಬಿದ್ದವು. ಸಾವಿರಾರು ವರ್ಷ ಹಳೆಯ ಮಂಜು. ಬೀದಿಯ ಕೊನೆಯಲ್ಲಿ, ಮನೆಗಳ ಹಿಂದೆ, ಬಿಳಿ ಗುಡ್ಡವೊಂದು ಸುಮ್ನೆ ನಿಂತಿರುತ್ತದೆ. ಕಂಡದ್ದು ಹತ್ತರಲ್ಲಿ ಒಂದು ಪಾಲು, ಉಳಿದದ್ದು ನೀರೊಳಗೆ. ನೋಡಲಿಕ್ಕೆ ಒಳ್ಳೆಯ ಕಾಲ ಮೇ ಮತ್ತು ಜೂನ್ ಆರಂಭ. ಆದರೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. 48ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ಬಂದ ಐಸ್‌ಬರ್ಗ್‌ಗಳ ಲೆಕ್ಕವನ್ನು ಹಡಗುಗಳ ಸುರಕ್ಷತೆಗಾಗಿ ಪ್ರತಿ ವರ್ಷ ಇಡುತ್ತಾರೆ. ಟೈಟಾನಿಕ್ ಮುಳುಗಿದ ಮೇಲೆ ಶುರುವಾದ ಕೆಲಸ ಅದು. 2019ರಲ್ಲಿ 1,500ಕ್ಕೂ ಜಾಸ್ತಿ ಬಂದಿದ್ದವು. 2021ರಲ್ಲಿ ಒಂದೇ ಒಂದು. ಸೇಂಟ್ ಜಾನ್ಸ್ ಆ ಗೆರೆಯಿಂದ ಸ್ವಲ್ಪ ಕೆಳಗಿದೆ. ಟ್ವಿಲಿಂಗೇಟ್ ಅನ್ನುವ ಊರು ಗೆರೆಯ ಮೇಲೆ, ಉತ್ತರಕ್ಕಿದೆ, ಆದ್ದರಿಂದ ಅಲ್ಲಿ ಕಾಣುವ ಸಾಧ್ಯತೆ ಹೆಚ್ಚು. ಸೇಂಟ್ ಜಾನ್ಸ್‌ನಿಂದ ಕಾರಿನಲ್ಲಿ ಐದು ಗಂಟೆ. ವಿಮಾನದ ಟಿಕೆಟ್ ಮೊದಲೇ ತೆಗೆಯಿರಿ, ಆದರೆ ಉಳಿಯುವ ಜಾಗ ಮಾತ್ರ ರದ್ದು ಮಾಡಲಿಕ್ಕೆ ಆಗುವಂಥದ್ದು ನೋಡಿ. ‘ಐಸ್‌ಬರ್ಗ್ ಫೈಂಡರ್’ ಅನ್ನುವ ನಕ್ಷೆಯಲ್ಲಿ ಎಲ್ಲೆಲ್ಲಿ ಕಂಡಿದೆ ಅಂತ ಹಾಕುತ್ತಾರೆ. ಹೊರಡುವ ವಾರ ಅದನ್ನು ನೋಡಿ ಊರು ಗಟ್ಟಿ ಮಾಡಿ.

ಐಸ್‌ಬರ್ಗ್ ಕೈಕೊಟ್ಟರೂ ಪ್ರವಾಸ ಹಾಳಾಗುವುದಿಲ್ಲ, ಅದಕ್ಕೇ ಮೇ ಮೂರನೇ ವಾರ ಅಂತ ಹೇಳುವುದು. ಆ ಹೊತ್ತಿಗೆ ಪಫಿನ್ ಹಕ್ಕಿಗಳು ಬಂದಿರುತ್ತವೆ. ಕೆಂಪು ಕಿತ್ತಳೆ ಕೊಕ್ಕಿನ, ಕೋಟು ತೊಟ್ಟ ಗುಮಾಸ್ತರ ಹಾಗೆ ಓಡಾಡುವ ಹಕ್ಕಿ. ಎಲಿಸ್ಟನ್ ಅನ್ನುವ ಹಳ್ಳಿಯಲ್ಲಿ ರಸ್ತೆಯಿಂದ ಕೆಲವೇ ನಿಮಿಷ ನಡೆದರೆ ಎದುರಿನ ಬಂಡೆಯ ಮೇಲೆ ನೂರಾರು ಕೂತಿರುತ್ತವೆ. ದೋಣಿ ಬೇಡ. ನೆಲ ಏರುತಗ್ಗು, ಮೇಡಂ ಅವರಿಗೆ ಒಂದು ಕೋಲು ಇರಲಿ. ಸೇಂಟ್ ಜಾನ್ಸ್‌ನ ಸಿಗ್ನಲ್ ಹಿಲ್‌ಗೆ ಕಾರು ಮೇಲಿನವರೆಗೂ ಹೋಗುತ್ತದೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಆಚೆಯಿಂದ ಬಂದ ಮೊದಲ ವೈರ್‌ಲೆಸ್ ಸಂಕೇತ ಹಿಡಿದದ್ದು ಅಲ್ಲೇ. ಅಂದ ಹಾಗೆ, ಆ ದ್ವೀಪದ ಗಡಿಯಾರವೂ ನಮ್ಮ ಹಾಗೆ ಅರ್ಧ ಗಂಟೆಯ ಲೆಕ್ಕದ್ದು. ಟೊರೊಂಟೊದಿಂದ ಊರಿಗೆ ಫೋನ್ ಮಾಡಲು ಒಂಬತ್ತೂವರೆ ಗಂಟೆ ಲೆಕ್ಕ ಹಾಕಬೇಕು. ಅಲ್ಲಿಂದ ಸರಿಯಾಗಿ ಎಂಟು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕತ್ತಲಾದ ಮೇಲೆ ಕಾರು ಓಡಿಸುವುದು ಬೇಡ. ಮೂಸ್ ಅನ್ನುವ ಪ್ರಾಣಿ, ನಮ್ಮ ಕಡವೆಗಿಂತ ಎಷ್ಟೋ ದೊಡ್ಡದು, ರಸ್ತೆಗೆ ಬರುತ್ತದೆ. ಕಾಲು ಉದ್ದ, ಕಾರು ಗುದ್ದಿದರೆ ಅದರ ಮೈ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತದೆ.

ರಜೆ ಉಳಿಸುವ ಉಪಾಯವೂ ಇಲ್ಲೇ ಇದೆ. ಮೇ 25ಕ್ಕೆ ಮುಂಚಿನ ಸೋಮವಾರ ವಿಕ್ಟೋರಿಯಾ ಡೇ, ಒಂಟಾರಿಯೊದಲ್ಲಿ ರಜೆ. ಅದರ ಹಿಂದಿನ ಶನಿವಾರ ಹೊರಟು ಮುಂದಿನ ಭಾನುವಾರ ಬಂದರೆ ಒಂಬತ್ತು ದಿನ ಸಿಗುತ್ತದೆ. ಮಗನ ರಜೆ ಹೋಗುವುದು ನಾಲ್ಕೇ. ಉಳಿದ ಎಂಟನ್ನು ರಾಕಿ ಪರ್ವತಕ್ಕೆ ಇಟ್ಟುಕೊಳ್ಳಿ.

ಬ್ಯಾನ್ಫ್ ವಿಷಯದಲ್ಲಿ ನಾನೇ ಪೆಟ್ಟು ತಿಂದವಳು. ಕೆಲವು ವರ್ಷಗಳ ಹಿಂದೆ ಅತ್ತೆ ಮಾವನನ್ನು ಮೇ ಮೊದಲ ವಾರ ಲೇಕ್ ಲೂಯಿಸ್‌ಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಆರು ತಿಂಗಳಿಂದ ಅದರ ಫೋಟೊ ತೋರಿಸಿದ್ದೆ. ದಾವಣಗೆರೆಯ ನಮ್ಮ ಮಾವ ದಡದಲ್ಲಿ ನಿಂತು ಐದು ನಿಮಿಷ ನೋಡಿ ಕೇಳಿದರು: ‘ಬಯಲು ಚೆನ್ನಾಗೈತಿ. ಕೆರಿ ಎಲ್ಲೈತವ್ವಾ?’ ಪೂರ್ತಿ ಸರೋವರ ಬಿಳಿ ಹಾಳೆ! ಜನ ಅದರ ಮೇಲೆ ನಡೆದು ಹೋದ ಗುರುತು ಕೂಡ ಇತ್ತು.

ಅದು 1,700 ಮೀಟರಿಗಿಂತ ಎತ್ತರದ ಜಾಗ. ಸಾಮಾನ್ಯವಾಗಿ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಕರಗುತ್ತದೆ. ಇನ್ನೊಂದು ಪ್ರಸಿದ್ಧ ಸರೋವರ ಮೊರೇನ್ ಲೇಕ್, ಇನ್ನೂ ಎತ್ತರ. 1,885 ಮೀಟರ್ ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಹತ್ತಿರ. ಅಲ್ಲಿಗೆ ಹೋಗುವ ರಸ್ತೆಯೇ ತೆರೆಯುವುದು ಜೂನ್ 1ರ ಆಸುಪಾಸು. 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಪಾರ್ಕ್ಸ್ ಕೆನಡಾದ ಷಟಲ್ ಬಸ್ಸಿಗೆ ಸೀಟು ಕಾದಿರಿಸಬೇಕು. ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಬಿಡುತ್ತಾರೆ, ಬೇಗ ಖಾಲಿ. ಉಳಿದದ್ದನ್ನು ಎರಡು ದಿನ ಮುಂಚೆ, ಅಲ್ಲಿನ ಬೆಳಿಗ್ಗೆ 8ಕ್ಕೆ ಬಿಡುವ ಪದ್ಧತಿ ಇದೆ. ತತ್ಕಾಲ್ ಬುಕಿಂಗ್ ಗೊತ್ತಿರುವ ನಮಗೆ ಹೊಸದೇನಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ಆ ನೀಲಿ ಬರುವುದು ಹಿಮನದಿ ಬಂಡೆಯನ್ನು ಹಿಟ್ಟಿನ ಹಾಗೆ ಅರೆದು ತರುವುದರಿಂದ. ಆ ನುಣುಪು ಪುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುತ್ತದೆ. ಹಿಮ ಕರಗಿ ಪುಡಿ ಬಂದ ಹಾಗೆಲ್ಲ ಬಣ್ಣ ಏರುತ್ತದೆ. ಜೂನ್ ಎರಡನೇ ವಾರದಲ್ಲಿ ನಿಮಗೆ ನೀಲಿ ಕಾಣುತ್ತದೆ, ಜುಲೈನಷ್ಟು ಗಾಢ ಅಲ್ಲ. ಮೇ 31ಕ್ಕೆ ವಾಪಸಾಗುವ ನಿಮ್ಮ ಹಳೇ ಪ್ಲ್ಯಾನ್‌ನಲ್ಲಿ ಅದೂ ಇರುತ್ತಿರಲಿಲ್ಲ. ಜೂನ್ 8ರಿಂದ 13ರವರೆಗೆ ಬ್ಯಾನ್ಫ್‌ನಲ್ಲಿ ಇರಿ. ಸಂಜೆ ಒಂಬತ್ತೂವರೆಗೂ ಬೆಳಕಿರುತ್ತದೆ, ಆದ್ದರಿಂದ ಮಧ್ಯಾಹ್ನ ಊಟ ಮಾಡಿ ಮಲಗಿ, ಟೂರ್ ಬಸ್ಸುಗಳೆಲ್ಲ ಹೋದ ಮೇಲೆ ಆರು ಗಂಟೆಗೆ ಹೊರಡಿ. ಲೇಕ್ ಲೂಯಿಸ್ ದಡದ ದಾರಿ ಸಮತಟ್ಟು. ಸಲ್ಫರ್ ಬೆಟ್ಟದ ತುದಿಗೆ ಕೇಬಲ್ ಕಾರ್ ಇದೆ. ಮೇಲಿನ ಚಾರಣದ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ, ನಿಮಗೆ ಅದರ ಗೋಜೇ ಬೇಡ. ವಸಂತದಲ್ಲಿ ಕರಡಿಗಳು ಹೊಸ ಹುಲ್ಲಿಗೆ ಕಣಿವೆಗೆ ಇಳಿಯುತ್ತವೆ, ರಸ್ತೆ ಬದಿಯಲ್ಲೇ ಕಾಣಬಹುದು. 100 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಕಾರಿನಿಂದ ಇಳಿಯಬೇಡಿ. ಎಲ್ಕ್ ಜಿಂಕೆ ಮರಿ ಹಾಕುವ ಕಾಲವೂ ಅದೇ, ತಾಯಿ ಎಲ್ಕ್ ಹಾಯಲಿಕ್ಕೆ ಬರುತ್ತದೆ.

ಬ್ಯಾನ್ಫ್‌ನಿಂದ ವ್ಯಾಂಕೂವರ್‌ಗೆ ಹೋಗಿ ಮೂರ್ನಾಲ್ಕು ದಿನ ಇದ್ದು, ಅಲ್ಲಿಂದಲೇ ಭಾರತಕ್ಕೆ ಹತ್ತಿ. ಟಿಕೆಟ್ ತೆಗೆಯುವಾಗ ‘ಮಲ್ಟಿ ಸಿಟಿ’ ಅಂತ ನೋಡಿ, ಇಳಿಯುವುದು ಟೊರೊಂಟೊ, ಹತ್ತುವುದು ವ್ಯಾಂಕೂವರ್. ಇಲ್ಲದಿದ್ದರೆ ಸುಮ್ನೆ ಐದು ಗಂಟೆ ಪೂರ್ವಕ್ಕೆ ಹಾರಿ ಮತ್ತೆ ಹೊರಡಬೇಕು. ವ್ಯಾಂಕೂವರ್‌ನ ಚಳಿಗಾಲದ ಜಿಟಿಜಿಟಿ ಮಳೆ ಜೂನ್ ಹೊತ್ತಿಗೆ ಕಡಿಮೆಯಾಗಿರುತ್ತದೆ. ಚೆರ್ರಿ ತಪ್ಪಿದ್ದಕ್ಕೆ ವಿಕ್ಟೋರಿಯಾದ ಬುಚಾರ್ಟ್ ತೋಟ ಇದೆ. ಸುಣ್ಣಕಲ್ಲು ತೆಗೆದು ಬಿಟ್ಟ ಗುಂಡಿಯನ್ನು ಗಣಿ ಮಾಲೀಕನ ಹೆಂಡತಿ ಹೂದೋಟ ಮಾಡಿದ್ದು. ಹಡಗಿನಲ್ಲಿ ಒಂದೂವರೆ ಗಂಟೆ, ಆ ದಾರಿಯೇ ಒಂದು ಪ್ರವಾಸ.

ಉಳಿದ ಪ್ರಾಂತ್ಯಗಳನ್ನು ಈ ಸಲ ಬಿಡಿ. ಒಂದನ್ನು ಮಾತ್ರ ಹೇಳದೆ ಇರಲಾರೆ. ವಿನಿಪೆಗ್ ಊರಿನಿಂದ ಒಂದೂವರೆ ಗಂಟೆ ದೂರದ ನಾರ್ಸಿಸ್ ಎಂಬಲ್ಲಿ, ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಹತ್ತಾರು ಸಾವಿರ ಹಾವುಗಳು ನೆಲದೊಳಗಿಂದ ಒಟ್ಟಿಗೆ ಮೇಲೆ ಬರುತ್ತವೆ. ಮನುಷ್ಯರಿಗೆ ಅಪಾಯ ಮಾಡದ ಗಾರ್ಟರ್ ಹಾವುಗಳು. ಅವು ರಸ್ತೆ ದಾಟಲಿಕ್ಕೆ ಕೆಳಗೆ ಸುರಂಗ ಮಾಡಿಕೊಟ್ಟಿದ್ದಾರೆ. ನೀವು ಹೋಗುವುದಿಲ್ಲ ಅಂತ ಗೊತ್ತು. ಆಗುಂಬೆ ಕಡೆಯ ನೆಂಟರಿಗೆ ಹೇಳಿ.

ಊಟ. ಮಿಸ್ಸಿಸ್ಸಾಗಾದಲ್ಲಿ ಚಿಂತೆಯೇ ಇಲ್ಲ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮಾತ್ರ ಎಲ್ಲೆಲ್ಲೂ ಮೀನು. ತರಕಾರಿ ಸೂಪಿಗೂ ಎಷ್ಟೋ ಕಡೆ ಕೋಳಿ ಸಾರು ಹಾಕುತ್ತಾರೆ, ಪೂಟೀನ್ ಅನ್ನುವ ಆಲೂಗಡ್ಡೆ ಫ್ರೈ, ಚೀಸ್ ತಿಂಡಿಯ ಮೇಲಿನ ಗ್ರೇವಿ ಸಾಮಾನ್ಯವಾಗಿ ಮಾಂಸದ್ದೇ ಇರುತ್ತದೆ, ಕೇಳಿಯೇ ತಿನ್ನಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಇರುವ ಜನಕ್ಕೆ ನಾನು ಏನು ಹೇಳಲಿ? ತಂದ ತಿಂಡಿಯನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಿ, ಮುಚ್ಚಿಡಬೇಡಿ.

ವಿಮೆ ಇಲ್ಲದೆ ಹೊರಡಬೇಡಿ. ಪ್ರವಾಸಿಗರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಇಲ್ಲ, ಒಂದು ರಾತ್ರಿ ಆಸ್ಪತ್ರೆ ಅಂದರೆ ನಿಮ್ಮ ಪ್ರವಾಸದ ಪೂರ್ತಿ ಖರ್ಚು. ಬಿಪಿ, ಶುಗರ್ ಇದ್ದರೆ ಹಳೇ ಕಾಯಿಲೆಗೂ ಅನ್ವಯಿಸುವ ಪಾಲಿಸಿಯೇ ಬೇಕು. ಬೆಂಗಳೂರಿನಲ್ಲಿ ದಪ್ಪ ಜಾಕೆಟ್ ಕೊಳ್ಳಬೇಡಿ. ಗಾಳಿ, ಮಳೆ ತಡೆಯುವ ತೆಳ್ಳನೆ ಜಾಕೆಟ್, ಒಳಗೆ ಉಣ್ಣೆ ಸ್ವೆಟರ್, ಅದರೊಳಗೆ ಥರ್ಮಲ್. ಈರುಳ್ಳಿ ಸಿಪ್ಪೆಯ ಹಾಗೆ ಹಾಕಿ, ಬಿಚ್ಚಿ.

ಕೊನೆಗೆ ಮೇಡಂ ಅವರ ಪ್ರಶ್ನೆ. ಹಿಮ ಖಂಡಿತ ಸಿಗುತ್ತದೆ, ಜೂನ್‌ನಲ್ಲೂ. ಬ್ಯಾನ್ಫ್‌ನಿಂದ ಉತ್ತರಕ್ಕೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೆಯಲ್ಲಿ ಎರಡೂವರೆ ಗಂಟೆ ಹೋದರೆ ಅಥಾಬಾಸ್ಕಾ ಹಿಮನದಿ. ಆಳೆತ್ತರದ ಚಕ್ರದ ಬಸ್ಸು ಅದರ ಮೇಲೆಯೇ ಕರೆದುಕೊಂಡು ಹೋಗಿ ಇಳಿಸುತ್ತದೆ, ನಡೆಯುವ ಶ್ರಮ ಇಲ್ಲ. ಅಲ್ಲಿಂದ ವಾಪಸು ಬಂದುಬಿಡಿ. ಮುಂದಿನ ಜಾಸ್ಪರ್ ಊರು 2024ರ ಕಾಡ್ಗಿಚ್ಚಿನಲ್ಲಿ ಮೂರನೇ ಒಂದು ಭಾಗದಷ್ಟು ಸುಟ್ಟಿತ್ತು, ಉಳಿಯಲು ಜಾಗ ಹುಡುಕುವುದೇ ಒಂದು ಕೆಲಸ. ಹಿಮನದಿಯ ಮೇಲೆ ಗಾಳಿ ಜೋರು, ಕಾಲಡಿ ಕರಗಿದ ನೀರು. ಮೇಡಂ ಅವರ ಬ್ಯಾಗಿನಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಹೆಚ್ಚಿಗೆ ಇರಲಿ.